ಶಾಕೆರೆ ಖಲೀಲಿ ಪ್ರಕರಣ: ಅಂಗಳ ಅಗೆಯದೇ ಇದ್ದಿದ್ದರೆ ಕಾನೂನು ಏನು ಮಾಡುತ್ತಿತ್ತು?

ಬಸವನಗುಡಿ ಬೆಂಚು:
ಒಟಿಟಿಯಲ್ಲಿ ಸರಣಿ ಬಂದ ಮೇಲೆ ಈ ಹಳೇ ಕೇಸ್ ಮತ್ತೆ ಎಲ್ಲರ ಬಾಯಲ್ಲಿದೆ. ನಮ್ಮ ವಾಟ್ಸಾಪ್ ಗುಂಪಿನಲ್ಲಂತೂ ಎಲ್ಲರೂ ಜಡ್ಜುಗಳೇ. ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೀನಿ. ಶಾಕೆರೆ ಖಲೀಲಿ, ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು. ರಾಜತಾಂತ್ರಿಕ ಅಕ್ಬರ್ ಖಲೀಲಿ ಅವರಿಂದ ವಿಚ್ಛೇದನವಾದ ಮೇಲೆ 1986ರಲ್ಲಿ ಸ್ವಾಮಿ ಶ್ರದ್ಧಾನಂದ ಅಂತ ಹೆಸರಿಟ್ಟುಕೊಂಡಿದ್ದ ಮುರಳಿ ಮನೋಹರ ಮಿಶ್ರನನ್ನು ಮದುವೆಯಾದರು. 1991ರ ಮೇ ಕೊನೆಯ ನಂತರ ಅವರನ್ನು ಯಾರೂ ನೋಡಲಿಲ್ಲ. ಮಗಳು 1992ರ ಜೂನ್‌ನಲ್ಲಿ ಅಶೋಕನಗರ ಠಾಣೆಗೆ ದೂರು ಕೊಟ್ಟರು. 1994ರ ಮಾರ್ಚ್ 30ರಂದು ರಿಚ್ಮಂಡ್ ರಸ್ತೆಯ ಅವರದೇ ಮನೆಯ ಅಂಗಳ ಅಗೆದಾಗ ಮರದ ಪೆಟ್ಟಿಗೆಯಲ್ಲಿ ಅಸ್ಥಿಪಂಜರ ಸಿಕ್ಕಿತು.

ನನ್ನ ಪ್ರಶ್ನೆ ಕೊಲೆಯ ಬಗ್ಗೆ ಅಲ್ಲ. ಕೊಂದದ್ದು ಶ್ರದ್ಧಾನಂದನೇ ಅನ್ನೋದು ಸುಪ್ರೀಂ ಕೋರ್ಟ್‌ವರೆಗೂ ಹೋಗಿ ಸಾಬೀತಾಗಿದೆ. ನಡುವಿನ ಆ ಸುಮಾರು 34 ತಿಂಗಳ ಬಗ್ಗೆ. ಅಷ್ಟೂ ದಿನ ಕಾನೂನಿನ ಕಣ್ಣಲ್ಲಿ ಆಕೆ ಬದುಕಿದ್ದರಾ, ಸತ್ತಿದ್ದರಾ? ಪೊಲೀಸರ ಕೈ ಕಟ್ಟಿತ್ತಾ? ಗುಂಪಿನಲ್ಲಿ ಒಬ್ಬರು ‘ಹೆಣ ಸಿಗದೆ ಕೇಸೇ ಇಲ್ಲ’ ಅಂತಾರೆ, ಇನ್ನೊಬ್ಬರು ‘ಏಳು ವರ್ಷ ಕಾಯಬೇಕು’ ಅಂತಾರೆ. ತಿಳಿದವರು ಬಿಡಿಸಿ ಹೇಳಿ.

ಲಾಜಿಕ್ ಗುರು:
ಇದರಲ್ಲಿ ಬಿಡಿಸೋದೇನಿದೆ? ಗಂಡನ ಮೇಲೆ ಅನುಮಾನ ಇತ್ತು. ಎತ್ತಾಕ್ಕೊಂಡು ಹೋಗಿ ನಾರ್ಕೋ (ಔಷಧಿ ಕೊಟ್ಟು ಅರೆಪ್ರಜ್ಞೆಯಲ್ಲಿ ಮಾತಾಡಿಸುವ ಪರೀಕ್ಷೆ) ಮಾಡಿಸಿದ್ದರೆ ಒಂದೇ ದಿನಕ್ಕೆ ಬಾಯಿ ಬಿಡ್ತಿದ್ದ.

ಕಪ್ಪು ಕೋಟು, ಮೈಸೂರು:
ಗುರು, ನಾರ್ಕೋ ವಿಷಯದಲ್ಲಿ ದೇಶಕ್ಕೆಲ್ಲ ಅನ್ವಯವಾಗುವ ತೀರ್ಪು ಬಂದದ್ದೇ ನಮ್ಮ ರಾಜ್ಯದ ಕೇಸಿನಲ್ಲಿ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ, 2010. ಒಪ್ಪಿಗೆ ಇಲ್ಲದೆ ನಾರ್ಕೋ, ಬ್ರೈನ್ ಮ್ಯಾಪಿಂಗ್ (ಮಿದುಳಿನ ಪ್ರತಿಕ್ರಿಯೆ ಅಳೆಯೋದು), ಪಾಲಿಗ್ರಾಫ್ (ಸುಳ್ಳು ಪತ್ತೆ ಪರೀಕ್ಷೆ) ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಒಪ್ಪಿ ಮಾಡಿಸಿಕೊಂಡರೂ ಆಗ ಆಡಿದ ಮಾತು ಸಾಕ್ಷ್ಯವಲ್ಲ. ಅದರಿಂದ ವಸ್ತುವೇನಾದರೂ ಸಿಕ್ಕರೆ ಅದಕ್ಕೆ ಬೆಲೆ.

ಹೆಣದ ವಿಷಯಕ್ಕೆ ಬರೋಣ. ‘ಹೆಣ ಇಲ್ಲ, ಕೇಸ್ ಇಲ್ಲ’ ಅನ್ನೋದು ಸಿನಿಮಾ ಮಾತು. ರಾಮಾನಂದ್ ವಿರುದ್ಧ ಹಿಮಾಚಲ ಪ್ರದೇಶ ಕೇಸಿನಲ್ಲಿ, 1981ರಲ್ಲೇ, ಹೆಣ ಸಿಗಲೇಬೇಕು ಅನ್ನುವ ನಿಯಮ ಇಲ್ಲ ಅಂತ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಹಾಗಿದ್ದಿದ್ದರೆ ಹೆಣವನ್ನು ಚೆನ್ನಾಗಿ ಬಚ್ಚಿಟ್ಟವನಿಗೇ ಲಾಭ ಅಲ್ವಾ? ಆದರೆ ಸಾವಾಗಿದೆ, ಅದು ಕೊಲೆಯೇ ಅನ್ನೋದನ್ನು ಬೇರೆ ಸಾಕ್ಷ್ಯದಿಂದ ಗಟ್ಟಿಯಾಗಿ ತೋರಿಸಬೇಕು. ಅದು ಬಹಳ ಕಷ್ಟ. ಎಷ್ಟೋ ಕೇಸ್ ಅಲ್ಲೇ ಬಿದ್ದುಹೋಗುತ್ತವೆ.

ಕೋರಮಂಗಲದ ಅಜ್ಜಿ:
ಆಗ ಕಂಟೋನ್ಮೆಂಟ್ ಕಡೆ ದೊಡ್ಡ ದೊಡ್ಡ ಕಾಂಪೌಂಡ್ ಇರುವ ಬಂಗಲೆಗಳು. ಪಕ್ಕದ ಮನೆಯವರು ತಿಂಗಳುಗಟ್ಟಲೆ ಕಾಣಿಸದಿದ್ದರೂ ‘ಫಾರಿನ್‌ಗೆ ಹೋಗಿರಬೇಕು’ ಅಂದುಕೊಳ್ಳೋರು. ಕೇಳೋಕೆ ಹೋಗೋದು ಮರ್ಯಾದೆ ಅಲ್ಲ ಅನ್ನೋ ಭಾವನೆ. ಅವನೂ ಅದನ್ನೇ ಹೇಳಿಕೊಂಡು ಓಡಾಡಿದ ತಾನೇ?

ಬಸವನಗುಡಿ ಬೆಂಚು:
ಹೌದಮ್ಮ. ಅಮೆರಿಕದ ಆಸ್ಪತ್ರೆಯಲ್ಲಿದ್ದಾಳೆ ಅಂತ ಮಗಳಿಗೆ ಹೇಳಿದ್ದ. ಮಗಳು ಅಲ್ಲಿ ವಿಚಾರಿಸಿದರೆ ಆ ಹೆಸರಿನವರು ಯಾರೂ ಇಲ್ಲ. ಆಮೇಲೆ ಮುಂಬೈನಲ್ಲಿ ಅವನು ಉಳಿದುಕೊಂಡಿದ್ದ ಹೋಟೆಲ್ ಕೋಣೆಯಲ್ಲಿ ಮಗಳ ಕಣ್ಣಿಗೆ ಬಿದ್ದದ್ದು ಅಮ್ಮನ ಪಾಸ್‌ಪೋರ್ಟ್. ಪಾಸ್‌ಪೋರ್ಟ್ ಇಲ್ಲೇ ಇದ್ದ ಮೇಲೆ ಮನುಷ್ಯರು ಅಮೆರಿಕಕ್ಕೆ ಹೋಗೋದು ಹೇಗೆ?

ನಿವೃತ್ತ ರೈಟರ್:
ಪೊಲೀಸ್ ಠಾಣೆಯಲ್ಲಿ ರೈಟರ್, ಅಂದರೆ ದಾಖಲೆ ಬರೆಯುವವನಾಗಿ ಕೆಲಸ ಮಾಡಿದವನು ನಾನು. ಈ ಕೇಸಿನಲ್ಲಿ ಅಲ್ಲ, ಬೇರೆ ಕಡೆ. ಹೊರಗಿನವರಿಗೆ ಒಂದು ವಿಷಯ ಅರ್ಥವಾಗಲ್ಲ. ವಯಸ್ಸಿಗೆ ಬಂದವರು ಕಾಣೆಯಾಗೋದು ಅಪರಾಧವೇ ಅಲ್ಲ. ನನ್ನಿಷ್ಟ, ಮನೆ ಬಿಟ್ಟು ಹೋದೆ, ಅಂತ ಹೇಳುವ ಹಕ್ಕು ಎಲ್ಲರಿಗೂ ಇದೆ. ಹಾಗಾಗಿ ದೂರು ಬಂದರೆ ‘ಮ್ಯಾನ್ ಮಿಸ್ಸಿಂಗ್’ ಅಥವಾ ‘ಮಹಿಳೆ ಕಾಣೆ’ ಅಂತ ದಾಖಲಾಗುತ್ತೆ. ಕೊಲೆ, ಅಪಹರಣದ ಸೆಕ್ಷನ್ ಬೀಳಲ್ಲ. ಸೆಕ್ಷನ್ ಇಲ್ಲದಿದ್ದರೆ ಬಂಧನ ಇಲ್ಲ, ಮನೆ ಶೋಧಕ್ಕೂ ಬಲ ಕಡಿಮೆ. ಫೋಟೊ ಹಂಚೋದು, ಪಕ್ಕದ ಠಾಣೆಗಳಿಗೆ ತಿಳಿಸೋದು, ಆಸ್ಪತ್ರೆ, ಶವಾಗಾರ ನೋಡೋದು. ಮೊದಲ ವಾರ ಇಷ್ಟೇ ಆಗೋದು.

ಮಕ್ಕಳ ವಿಷಯ ಬೇರೆ. 2013ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದ ಮೇಲೆ ಮಗು ಕಾಣೆಯಾದರೆ ಅಪಹರಣ ಅಂತಲೇ ಭಾವಿಸಿ ಎಫ್ಐಆರ್ ಮಾಡಬೇಕು. ದೊಡ್ಡವರಿಗೆ ಆ ರಕ್ಷಣೆ ಇಲ್ಲ.

ಈ ಕೇಸಿನಲ್ಲಿ ದೂರು ಬಂದದ್ದೇ ಒಂದು ವರ್ಷ ಕಳೆದ ಮೇಲೆ. ಗಂಡನೇ ‘ಫಾರಿನ್‌ನಲ್ಲಿದ್ದಾಳೆ’ ಅಂತಿದ್ದಾನೆ. 1992ರಲ್ಲಿ ಟವರ್ ಲೊಕೇಶನ್ ನೋಡಿ ಅಂದರೆ ಎಲ್ಲಿಂದ ತರೋದು? ಮೊಬೈಲ್ ನಮ್ಮ ದೇಶಕ್ಕೆ ಬಂದದ್ದೇ 1995ರಲ್ಲಿ.

ಲಾಜಿಕ್ ಗುರು:
ಸರ್, ಅದು ಸರಿ, ಆದರೆ ಕೊನೆಗೆ ಸಿಸಿಬಿಯವರು (ನಗರ ಪೊಲೀಸರ ಅಪರಾಧ ವಿಭಾಗ) ಹಿಡಿದದ್ದು ಹೇಗೆ? ಮನೆ ಕೆಲಸದವನಿಗೆ ಕುಡಿಸಿ ಬಾಯಿ ಬಿಡಿಸಿದರು ಅಂತ ಎಲ್ಲಾ ಕಡೆ ಓದಿದ್ದೀನಿ. ಕುಡಿದವನ ಮಾತು ಕೋರ್ಟಲ್ಲಿ ನಿಲ್ಲುತ್ತಾ? ಅಲ್ಲೇ ಕೇಸ್ ಬಿದ್ದುಹೋಗಬೇಕಿತ್ತಲ್ಲ.

ನಿವೃತ್ತ ರೈಟರ್:
ಆ ಕುಡಿತದ ಕಥೆ ಪತ್ರಿಕೆಗಳಲ್ಲಿ ಬಂದದ್ದು. ನಿಜವೇ ಇರಲಿ. ಸುಳಿವು ಎಲ್ಲಿಂದ ಸಿಕ್ಕಿತು ಅನ್ನೋದು ಒಂದು, ಕೋರ್ಟಿಗೆ ಏನು ಕೊಟ್ಟರು ಅನ್ನೋದು ಇನ್ನೊಂದು. ಸುಳಿವು ಬಾರಲ್ಲೂ ಸಿಗುತ್ತೆ, ಬಸ್ ಸ್ಟ್ಯಾಂಡಲ್ಲೂ ಸಿಗುತ್ತೆ. ಆರೋಪಪಟ್ಟಿಯಲ್ಲಿ ಅದು ಬರಲ್ಲ.

ಕಪ್ಪು ಕೋಟು, ಮೈಸೂರು:
ರೈಟರ್ ಸರ್ ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಸೇರಿಸ್ತೀನಿ. ಪೊಲೀಸರ ಮುಂದೆ ‘ನಾನೇ ಕೊಂದೆ’ ಅಂತ ನೂರು ಸಲ ಹೇಳಿದರೂ ಅದು ಸಾಕ್ಷ್ಯವಲ್ಲ. ಆಗಿನ ಭಾರತೀಯ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 25, 26 ಅದನ್ನು ತಡೆಯುತ್ತಿದ್ದವು. ಆದರೆ ಸೆಕ್ಷನ್ 27 ಅಂತ ಒಂದು ಕಿಂಡಿ ಇತ್ತು. ಆರೋಪಿ ಕೊಟ್ಟ ಮಾಹಿತಿಯಿಂದ ಹೊಸ ಸಂಗತಿ ಪತ್ತೆಯಾದರೆ, ಆ ಪತ್ತೆಗೆ ನೇರ ಸಂಬಂಧಪಟ್ಟ ಮಾತಷ್ಟನ್ನು ಒಪ್ಪಬಹುದು. ‘ಕೊಂದೆ’ ಅನ್ನೋದು ಹೋಯಿತು, ‘ಇಲ್ಲಿ ಹೂತಿದ್ದೇನೆ, ತೋರಿಸ್ತೀನಿ’ ಅನ್ನೋದು ಉಳಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮದಲ್ಲಿ ಇದೇ ನಿಯಮ ಸೆಕ್ಷನ್ 23ರ ಒಳಗೆ ಹೋಗಿ ಕೂತಿದೆ.

ಅವತ್ತು ರಿಚ್ಮಂಡ್ ರಸ್ತೆಯಲ್ಲಿ ನಡೆದದ್ದು ಇದೇ. ಆರೋಪಿ ಜಾಗ ತೋರಿಸಿದ. ಕಲ್ಲು ಹಾಸಿದ್ದ ನೆಲ ಕಿತ್ತು ಅಗೆದರು. ಪಂಚರ (ಹೊರಗಿನ ಸಾಕ್ಷಿಗಳ) ಮುಂದೆ ಮಹಜರು, ಅಂದರೆ ಸ್ಥಳದಲ್ಲೇ ಬರೆಯುವ ದಾಖಲೆ, ಆಯಿತು. ಪೆಟ್ಟಿಗೆ ಮೇಲೆ ಬರುವುದನ್ನು ವಿಡಿಯೊ ಮಾಡಿದರು. 1994ರಲ್ಲಿ ಅದು ಅಪರೂಪ. ಆಮೇಲೆ ಡಿಎನ್ಎ ಪರೀಕ್ಷೆ. ಅದೂ ಆ ಕಾಲಕ್ಕೆ ಹೊಸದು. ಇದರ ಜೊತೆಗೆ ಪೆಟ್ಟಿಗೆ ಮಾಡಿಕೊಟ್ಟವರು, ಗುಂಡಿ ತೋಡಿದವರು, ಮನೆ ಕೆಲಸದವರು ಒಬ್ಬೊಬ್ಬರೇ ಬಂದು ತಮಗೆ ಗೊತ್ತಿದ್ದಷ್ಟು ಹೇಳಿದರು. ಪ್ರತ್ಯಕ್ಷ ಸಾಕ್ಷಿ ಒಬ್ಬರೂ ಇಲ್ಲ. ಬರೀ ಸಾಂದರ್ಭಿಕ ಸಾಕ್ಷ್ಯ. ಕೊಂಡಿ ಒಂದೂ ತಪ್ಪಬಾರದು.

ಅದೇ ಹಳೇ ಸಾಕ್ಷ್ಯ ಕಾಯ್ದೆಯಲ್ಲಿ ಸೆಕ್ಷನ್ 106 ಕೂಡ ಇತ್ತು. ಒಬ್ಬನಿಗೆ ಮಾತ್ರ ಗೊತ್ತಿರುವ ಸಂಗತಿಗೆ ಅವನೇ ವಿವರಣೆ ಕೊಡಬೇಕು. ಹೆಂಡತಿ ಜೊತೆಗೆ ಒಂದೇ ಮನೆಯಲ್ಲಿದ್ದವನು ‘ನನಗೇನು ಗೊತ್ತು’ ಅಂದರೆ ಆಗಲ್ಲ. ಆದರೆ ಇದನ್ನೇ ಹಿಡಿದುಕೊಂಡು ಜೈಲಿಗೆ ಕಳಿಸಕ್ಕಾಗಲ್ಲ. ಮೊದಲು ಪ್ರಾಸಿಕ್ಯೂಷನ್ ತನ್ನ ಕೆಲಸ ಮುಗಿಸಬೇಕು.

ಎಡಿಸನ್‌ನಿಂದ:
ನ್ಯೂಜೆರ್ಸಿಯಿಂದ ಬರೀತಿದ್ದೀನಿ. ನನ್ನನ್ನು ಕಾಡೋದು ಆಸ್ತಿ ವಿಷಯ. ಆಕೆ ಅವನಿಗೆ ಜಿಪಿಎ (ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ, ಜನರಲ್ ಪವರ್ ಆಫ್ ಅಟಾರ್ನಿ) ಕೊಟ್ಟಿದ್ದರು, ಅವನು ಅದನ್ನಿಟ್ಟುಕೊಂಡು ಆಮೇಲೂ ಆಸ್ತಿ ಮಾರಿದ ಅಂತ ಓದಿದೆ. ಸತ್ತವರ ಜಿಪಿಎ ನಡೆಯುತ್ತಾ? ನಾನೂ ಬೆಂಗಳೂರಿನ ಸೈಟಿಗೆ ಅಂತ ಊರಲ್ಲಿರುವವರಿಗೆ ಜಿಪಿಎ ಕೊಟ್ಟಿದ್ದೀನಿ, ಹಾಗಾಗಿ ಸ್ವಲ್ಪ ಸ್ವಾರ್ಥದ ಪ್ರಶ್ನೆ!

ಕಪ್ಪು ಕೋಟು, ಮೈಸೂರು:
ಒಳ್ಳೇ ಜಾಗಕ್ಕೆ ಕೈ ಹಾಕಿದಿರಿ. ಈ ಚರ್ಚೆಯಲ್ಲಿ ಎಲ್ಲರೂ ಪೆಟ್ಟಿಗೆ ನೋಡ್ತಾರೆ, ನಾನು ಜಿಪಿಎ ನೋಡ್ತೀನಿ.

ಕರಾರು ಕಾಯ್ದೆ ಸೆಕ್ಷನ್ 201ರ ಪ್ರಕಾರ ಅಧಿಕಾರ ಕೊಟ್ಟವರು ಸತ್ತ ಕೂಡಲೇ ಜಿಪಿಎ ಮುಗಿಯಿತು. ಏಜೆಂಟನಿಗೇ ಆ ಆಸ್ತಿಯಲ್ಲಿ ಹಿತಾಸಕ್ತಿ ಇದ್ದರೆ ಸೆಕ್ಷನ್ 202 ಬೇರೆ ಲೆಕ್ಕ ಹೇಳುತ್ತೆ. ಅದು ಇಲ್ಲಿ ಬೇಡ. ಈಗ ಸೆಕ್ಷನ್ 208 ನೋಡಿ. ಅಧಿಕಾರ ಮುಗಿದಿದೆ ಅನ್ನೋದು ಮೂರನೆಯವರಿಗೆ ಗೊತ್ತಾಗುವವರೆಗೂ ಅವರ ಮಟ್ಟಿಗೆ ಅದು ಮುಗಿದಂತೆ ಅಲ್ಲ. ಏನರ್ಥ? ಕೊಂಡುಕೊಳ್ಳುವವನಿಗೆ ಆಕೆ ಸತ್ತದ್ದು ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಗೊತ್ತಿರುವವನು ಒಬ್ಬನೇ, ಮಾರುತ್ತಿರುವವನು. ಅಮಾಯಕ ಖರೀದಿದಾರ ಈ ಸೆಕ್ಷನ್ ಹಿಡಿದು ವಾದಿಸಬಹುದು.

ಅಂದರೆ, ಅಂಗಳದಲ್ಲಿ ಹೂತಿರುವ ಹೆಂಗಸು ಕಾಗದದ ಮೇಲೆ ಬದುಕಿದ್ದು ಆಸ್ತಿ ಮಾರುತ್ತಿದ್ದಾರೆ. ಸಾವು ಗೊತ್ತಾಗಿದ್ದರೆ ಆ ಜಿಪಿಎ ರದ್ದಿ ಕಾಗದ. ‘ಕಾಣೆಯಾಗಿದ್ದಾರೆ’ ಅಂತ ದಾಖಲಾದರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ತಾನಾಗಿ ಸುದ್ದಿ ಹೋಗಲ್ಲ. ಹಾಗಾಗಿ ಕೊಲೆ ಮಾಡಿದವನಿಗೆ ಬೇಕಾಗಿದ್ದದ್ದು ಆಕೆ ಸಾಯೋದು ಮಾತ್ರ ಅಲ್ಲ, ಸತ್ತದ್ದು ಯಾರಿಗೂ ಗೊತ್ತಾಗದೆ ಇರೋದು. ಜನ ‘ಪೊಲೀಸರು ತಡ ಮಾಡಿದರು’ ಅಂತ ಬೈಯುತ್ತಾರೆ. ನಾನು ಕೇಳೋದು, ಕಾಣೆಯಾದವರ ಹೆಸರಿನ ಜಿಪಿಎ ಮೇಲೆ ನೋಂದಣಿ ತಡೆಯುವ ಸುಲಭದ ದಾರಿ ಇವತ್ತಿಗೂ ಯಾಕಿಲ್ಲ? ಮನೆಯವರು ಸಿವಿಲ್ ಕೋರ್ಟಿಗೆ ಹೋಗಿ ಇಂಜಂಕ್ಷನ್ (ತಡೆಯಾಜ್ಞೆ) ತರಬೇಕು. ಮಕ್ಕಳು ದೂರದ ಊರಲ್ಲಿದ್ದರೆ ಅದು ಎಷ್ಟು ಜನರಿಂದ ಆಗುತ್ತೆ?

ಎಡಿಸನ್ ಸರ್, ನಿಮಗೆ: ಜನರಲ್ ಬೇಡ. ಒಂದೇ ಕೆಲಸಕ್ಕೆ ಸೀಮಿತವಾದ ಸ್ಪೆಷಲ್ ಪವರ್ ಆಫ್ ಅಟಾರ್ನಿ ಮಾಡಿಸಿ, ಅವಧಿ ಬರೆಸಿ. ಮಾರುವ ಅಧಿಕಾರ ಬೇಡವೆಂದರೆ ಬೇಡ ಅಂತಲೇ ಬರೆಸಿ.

ಎಡಿಸನ್‌ನಿಂದ:
ಇವತ್ತೇ ಹಳೇ ಜಿಪಿಎ ತೆಗೆದು ಓದ್ತೀನಿ. ಅಷ್ಟೂ ಪುಟ ಓದದೇ ಸಹಿ ಮಾಡಿದ್ದು.

ಕೋರಮಂಗಲದ ಅಜ್ಜಿ:
ಸಾವು ಗೊತ್ತಾದ ಮೇಲೆ ಗಂಡ ಅಂತ ಅವನಿಗೂ ಪಾಲು ಬರುತ್ತಿತ್ತಾ? ಅದೊಂದು ಅನ್ಯಾಯ ಆಗಬಾರದಪ್ಪ.

ಕಪ್ಪು ಕೋಟು, ಮೈಸೂರು:
ಬರಲ್ಲ ಅಮ್ಮ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಸೆಕ್ಷನ್ 25 ಇದನ್ನು ನೇರವಾಗಿ ಹೇಳುತ್ತೆ. ಇಲ್ಲಿ ಮದುವೆ ಆದದ್ದು ವಿಶೇಷ ವಿವಾಹ ಕಾಯ್ದೆಯಲ್ಲಿ, ಹಾಗಾಗಿ ಆ ಸೆಕ್ಷನ್ ನೇರವಾಗಿ ಬರಲ್ಲ. ಆದರೂ ಕೊಲೆಗಾರನಿಗೆ ಕೊಲೆಯ ಫಲ ಸಿಗಬಾರದು ಅನ್ನೋದು ಅದಕ್ಕಿಂತ ಹಳೇ ತತ್ವ. 1924ರಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಅಂತಿಮ ಮೇಲ್ಮನವಿ ಕೋರ್ಟು) ಕೊಟ್ಟ ಕೆಂಚವ್ವ ವಿರುದ್ಧ ಗಿರಿಮಲ್ಲಪ್ಪ ತೀರ್ಪು ಇದೆ. ಹೆಸರು ನೋಡಿದರೇ ನಮ್ಮವರು ಅಂತ ಗೊತ್ತಾಗುತ್ತೆ. ಉತ್ತರಾಧಿಕಾರದ ಲೆಕ್ಕದಲ್ಲಿ ಕೊಲೆಗಾರನನ್ನು ಇಲ್ಲವೇ ಇಲ್ಲ ಅಂತ ಭಾವಿಸಬೇಕು ಅಂದರು. ಲಾ ಕಾಲೇಜಿನಲ್ಲಿ ಎಲ್ಲರೂ ಓದುವ ಕೇಸ್.

ಲಾಜಿಕ್ ಗುರು:
ಸರಿ, ಏಳು ವರ್ಷದ ಕಥೆ? ಅಂಗಳ ಅಗೆಯದೇ ಇದ್ದಿದ್ದರೆ 1998ರ ಮೇನಲ್ಲಿ ಆಟೋಮ್ಯಾಟಿಕ್ ಆಗಿ ಡೆತ್ ಸರ್ಟಿಫಿಕೇಟ್ ಸಿಗ್ತಿತ್ತು ತಾನೇ?

ಕಪ್ಪು ಕೋಟು, ಮೈಸೂರು:
ಆಟೋಮ್ಯಾಟಿಕ್ ಅನ್ನೋದು ಗೇರ್ ಬಾಕ್ಸಿಗೆ ಸರಿ, ಕೋರ್ಟಿಗೆ ಅಲ್ಲ. ಹಳೇ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 108, ಹೊಸದರಲ್ಲಿ 111. ಒಬ್ಬರ ಬಗ್ಗೆ ಸಹಜವಾಗಿ ಸುದ್ದಿ ತಿಳಿಯಬೇಕಾದವರಿಗೆ ಏಳು ವರ್ಷ ಯಾವ ಸುದ್ದಿಯೂ ಸಿಗದಿದ್ದರೆ, ‘ಬದುಕಿದ್ದಾರೆ’ ಅನ್ನುವವರೇ ಅದನ್ನು ಸಾಬೀತು ಮಾಡಬೇಕು. ಅಷ್ಟೇ. ಆ ಪ್ರಶ್ನೆ ಕೋರ್ಟಿನ ಮುಂದೆ ಬಂದಾಗ ಮಾತ್ರ ಈ ನಿಯಮಕ್ಕೆ ಕೆಲಸ. ಯಾವತ್ತು ಸತ್ತರು ಅನ್ನೋದನ್ನು ಅದು ಹೇಳಲ್ಲ. ಎಲ್ಐಸಿ ವಿರುದ್ಧ ಅನುರಾಧಾ ಅಂತ 2004ರ ಸುಪ್ರೀಂ ಕೋರ್ಟ್ ತೀರ್ಪು ಇದನ್ನೇ ಹೇಳಿದೆ.

ಇಲ್ಲಿ ಇನ್ನೊಂದು ತೊಡಕು. ಗಂಡ ‘ಸುದ್ದಿ ಇದೆ, ಮೊನ್ನೆ ಫೋನ್ ಮಾಡಿದ್ದಳು’ ಅಂತಿದ್ದರೆ ಏಳು ವರ್ಷದ ಲೆಕ್ಕ ಶುರುವಾಗೋದು ಯಾವಾಗಿಂದ? ಅದಕ್ಕೇ ಜಗಳ ಆಗ್ತಿತ್ತು.

ನಿರ್ವಾಹಕರು:
ಎರಡು ಕಾಮೆಂಟ್ ತೆಗೆದಿದ್ದೇವೆ. ಆಕೆಯ ಮಕ್ಕಳ ಬಗ್ಗೆ, ಮನೆ ಕೆಲಸದವರ ಬಗ್ಗೆ ಊಹೆ ಬರೆಯಬೇಡಿ. ಅವರ ಮೇಲೆ ಯಾವ ಆರೋಪವೂ ಸಾಬೀತಾಗಿಲ್ಲ. ಪೆಟ್ಟಿಗೆಯೊಳಗೆ ಏನಾಯಿತು ಅನ್ನುವ ಭಯಾನಕ ವರ್ಣನೆಗಳೂ ಬೇಡ. ಸತ್ತವರಿಗೂ ಮನೆಯವರಿದ್ದಾರೆ.

ಬಸವನಗುಡಿ ಬೆಂಚು:
ಥ್ಯಾಂಕ್ಸ್. ಇನ್ನು ಶಿಕ್ಷೆಗೆ ಬರೋಣ. ‘ಇಂಥವನಿಗೂ ಗಲ್ಲು ಇಲ್ಲವಾ’ ಅಂತ ಒಂದು ಕಡೆ, ‘30 ವರ್ಷ ಆಯ್ತು, ಜೀವಾವಧಿ ಅಂದ್ರೆ 14 ವರ್ಷ, ಯಾಕೆ ಬಿಟ್ಟಿಲ್ಲ’ ಅಂತ ಇನ್ನೊಂದು ಕಡೆ.

ಕಪ್ಪು ಕೋಟು, ಮೈಸೂರು:
14 ವರ್ಷದ ಕಥೆ ಮೊದಲು. ಜೀವಾವಧಿ ಅಂದರೆ ಸಾಯುವವರೆಗೆ. ಗೋಪಾಲ್ ಗೋಡ್ಸೆ ಕೇಸಿನಲ್ಲಿ 1961ರಲ್ಲೇ ಹೇಳಿಯಾಗಿದೆ. 14 ಬಂದದ್ದು ಹಳೇ ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 433ಎ ಇಂದ. ಗಲ್ಲು ವಿಧಿಸಬಹುದಾದ ಅಪರಾಧಕ್ಕೆ ಜೀವಾವಧಿ ಆಗಿದ್ದರೆ, ಸರ್ಕಾರ ಬೇಗ ಬಿಡಬೇಕೆಂದುಕೊಂಡರೂ 14 ವರ್ಷಕ್ಕೆ ಮುಂಚೆ ಬಿಡುವಂತಿಲ್ಲ. ಅದು ಕನಿಷ್ಠ ಮಿತಿ. ನಮ್ಮ ಜನ ಅದನ್ನೇ ಗರಿಷ್ಠ ಅಂದುಕೊಂಡಿದ್ದಾರೆ.

ಈ ಕೇಸಿನಲ್ಲಿ ಸೆಷನ್ಸ್ ಕೋರ್ಟ್ ಗಲ್ಲು ಕೊಟ್ಟಿತು, 2005ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿಯಿತು. 2007ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೂ ಅಪರಾಧಿ ಅನ್ನೋದನ್ನು ಒಪ್ಪಿದರು, ಶಿಕ್ಷೆಯಲ್ಲಿ ಬೇರೆಯಾದರು. ಎಸ್.ಬಿ. ಸಿನ್ಹಾ ಜೀವಾವಧಿ ಅಂದರು, ಮಾರ್ಕಂಡೇಯ ಕಟ್ಜು ಗಲ್ಲು ಅಂದರು. ಹಾಗಾಗಿ ಮೂವರ ಪೀಠಕ್ಕೆ ಹೋಯಿತು. 2008ರ ಜುಲೈನಲ್ಲಿ ತೀರ್ಪು ಬರೆದವರು ನ್ಯಾಯಮೂರ್ತಿ ಆಫ್ತಾಬ್ ಆಲಂ. ಅವರ ವಾದ ನನಗೆ ಇಷ್ಟ. ಗಲ್ಲು ಕೊಟ್ಟ ಮೇಲೆ ವಾಪಸ್ ತೆಗೆದುಕೊಳ್ಳೋಕೆ ಆಗಲ್ಲ, ಹಾಗಾಗಿ ಸ್ವಲ್ಪ ಹಿಂಜರಿಕೆ ಇದ್ದರೂ ಕೊಡಬಾರದು. ಆದರೆ ಜೀವಾವಧಿ ಅಂದರೆ 14 ವರ್ಷಕ್ಕೆ ಹೊರಗೆ ಅಂತಾದರೆ ಅದು ಈ ಅಪರಾಧಕ್ಕೆ ತೀರಾ ಕಮ್ಮಿ. ಎರಡೇ ದಾರಿ ಇದ್ದರೆ ಕೋರ್ಟು ಗಲ್ಲಿನ ಕಡೆಗೇ ವಾಲುವ ಅಪಾಯ ಇದೆ. ಅದಕ್ಕೇ ನಡುವೆ ಮೂರನೇ ದಾರಿ ಮಾಡಿದರು: ಸಾಯುವವರೆಗೆ ಜೈಲು, ಸರ್ಕಾರ ಶಿಕ್ಷೆ ಕಡಿಮೆ ಮಾಡಿ ಬೇಗ ಬಿಡುವ ರಿಯಾಯಿತಿ ಇಲ್ಲ.

ಇವತ್ತು ಹೈಕೋರ್ಟ್, ಸುಪ್ರೀಂ ಕೋರ್ಟ್ ಗಲ್ಲಿನ ಬದಲು ‘ಉಳಿದ ಆಯುಷ್ಯವೆಲ್ಲ ಜೈಲು’ ಅಂದರೆ ಅದರ ಹಿಂದೆ ಈ ಬೆಂಗಳೂರಿನ ಕೇಸ್ ಇದೆ. 2015ರಲ್ಲಿ ರಾಜೀವ್ ಗಾಂಧಿ ಹತ್ಯೆ ಅಪರಾಧಿಗಳ ವಿಷಯದ ಶ್ರೀಹರನ್ ಕೇಸಿನಲ್ಲಿ ಸಂವಿಧಾನ ಪೀಠ 3:2ರಿಂದ ಇದನ್ನು ಸರಿ ಅಂತು.

ಲಾಜಿಕ್ ಗುರು:
ಅದೇ ರಾಜೀವ್ ಹಂತಕರನ್ನು 2022ರಲ್ಲಿ ಬಿಟ್ಟರಲ್ಲ! ಅವರಿಗೊಂದು ನ್ಯಾಯ, ಇವನಿಗೊಂದು ನ್ಯಾಯ.

ಕಪ್ಪು ಕೋಟು, ಮೈಸೂರು:
ಶ್ರದ್ಧಾನಂದ ಕೂಡ ಸುಪ್ರೀಂ ಕೋರ್ಟಿಗೆ ಹೋಗಿ ಇದನ್ನೇ ಕೇಳಿದ. ಒಂದು ದಿನವೂ ಪೆರೋಲ್ ಸಿಕ್ಕಿಲ್ಲ ಅನ್ನೋದೂ ಅವನ ಅಹವಾಲು. 80 ದಾಟಿದ್ದಾನೆ, ಮಧ್ಯಪ್ರದೇಶದ ಸಾಗರ ಜೈಲಿಗೆ ಕಳಿಸಿದ್ದರು. 2024ರಲ್ಲೂ ಬಿಡುಗಡೆಗೆ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ರಾಜೀವ್ ಕೇಸಿನವರ ಬಿಡುಗಡೆಯ ಹಾದಿ ಬೇರೆ. ಅವರಲ್ಲೊಬ್ಬನಾದ ಪೇರರಿವಾಳನ್‌ಗೆ ಸುಪ್ರೀಂ ಕೋರ್ಟ್ ಸಂವಿಧಾನದ 142ನೇ ವಿಧಿ, ಅಂದರೆ ಪೂರ್ಣ ನ್ಯಾಯಕ್ಕಾಗಿ ತನಗಿರುವ ವಿಶೇಷ ಅಧಿಕಾರ, ಬಳಸಿತು. ತಮಿಳುನಾಡು ಸಂಪುಟದ ಶಿಫಾರಸು ಇತ್ತು, ರಾಜ್ಯಪಾಲರು ಅದನ್ನು ಇಟ್ಟುಕೊಂಡು ಕೂತಿದ್ದರು. ಇಲ್ಲಿ ‘ರಿಯಾಯಿತಿ ಇಲ್ಲ’ ಅಂತ ತೀರ್ಪೇ ಹೇಳಿದೆ. ರಾಷ್ಟ್ರಪತಿ, ರಾಜ್ಯಪಾಲರ ಕ್ಷಮಾದಾನದ ಬಾಗಿಲು, ಅಂದರೆ 72 ಮತ್ತು 161ನೇ ವಿಧಿ, ಮುಚ್ಚಿಲ್ಲ. ಶ್ರೀಹರನ್ ತೀರ್ಪೂ ಅದನ್ನು ಮುಟ್ಟಿಲ್ಲ.

ಕೋರಮಂಗಲದ ಅಜ್ಜಿ:
ನನಗಂತೂ ಅವನು ಅಲ್ಲೇ ಇರಲಿ ಅನ್ಸುತ್ತೆ. ಕಾನೂನು ಗೊತ್ತಿಲ್ಲ, ಅನ್ಸಿದ್ದು ಹೇಳಿದೆ.

ತಿಪಟೂರು ತೆಂಗು:
ವಿಷಯ ಸ್ವಲ್ಪ ಬೇರೆ, ಆದರೆ ಇಲ್ಲಿ ವಕೀಲರಿದ್ದಾರೆ ಅಂತ ಕೇಳ್ತಿದ್ದೀನಿ. ನಮ್ಮ ಭಾವ ಮನೆಯಿಂದ ಹೋದವರು ಬಂದಿಲ್ಲ. ಆರು ವರ್ಷದ ಮೇಲಾಯಿತು. ಕಾಣೆ ದೂರು ಕೊಟ್ಟಿದ್ದೀವಿ. ಬ್ಯಾಂಕಿನವರು ಖಾತೆ ಮುಟ್ಟೋಕೆ ಬಿಡಲ್ಲ, ಮರಣ ಪತ್ರ ತನ್ನಿ ಅಂತಾರೆ. ವಿಮೆ ಕಂತು ಕಟ್ಟೋದನ್ನು ಅಕ್ಕ ನಿಲ್ಲಿಸೋಣ ಅಂತಿದ್ದಾಳೆ. ಇಲ್ಲದವರ ಹೆಸರಲ್ಲಿ ಯಾಕೆ ದುಡ್ಡು ಅಂತ.

ಕಪ್ಪು ಕೋಟು, ಮೈಸೂರು:
ನಿಲ್ಲಿಸಬೇಡಿ ಅಂತ ಅಕ್ಕನಿಗೆ ಇವತ್ತೇ ಹೇಳಿ. ಮೇಲೆ ಹೇಳಿದ ಅನುರಾಧಾ ಕೇಸಿನಲ್ಲಿ ಆದದ್ದೇ ಇದು. ಗಂಡ ನಾಪತ್ತೆ, ಕಂತು ನಿಂತು ಪಾಲಿಸಿ ಲ್ಯಾಪ್ಸ್ ಆಯಿತು. ಕಾಣೆಯಾದಾಗಲೇ ಸತ್ತರು ಅಂತ ಕಾನೂನು ಊಹೆ ಮಾಡಲ್ಲವಾದ್ದರಿಂದ ಪೂರ್ತಿ ಮೊತ್ತ ಸಿಗಲಿಲ್ಲ, ಪೇಡ್-ಅಪ್ ಮೌಲ್ಯ (ಅಲ್ಲಿಯವರೆಗೆ ಕಟ್ಟಿದ ಕಂತಿಗೆ ತಕ್ಕಷ್ಟು ಮೊತ್ತ) ಮಾತ್ರ.

ಏಳು ವರ್ಷ ತುಂಬಿದ ಮೇಲೆ, ಭಾವ ಕೊನೆಗೆ ವಾಸವಿದ್ದ ಊರಿನ ಸಿವಿಲ್ ಕೋರ್ಟಿನಲ್ಲಿ, ಸತ್ತಿದ್ದಾರೆಂದು ಭಾವಿಸಬೇಕು ಅನ್ನುವ ಘೋಷಣೆಗೆ ದಾವೆ ಹಾಕಿ. ಡಿಕ್ರಿ (ಕೋರ್ಟಿನ ತೀರ್ಪಿನ ಆದೇಶ) ಇದ್ದರೆ ಜನನ ಮರಣ ನೋಂದಣಿಯವರು ಪ್ರಮಾಣಪತ್ರ ಕೊಡ್ತಾರೆ. ಅಷ್ಟರೊಳಗೆ ಠಾಣೆಯಿಂದ ‘ಈವರೆಗೆ ಪತ್ತೆಯಾಗಿಲ್ಲ’ ಅಂತ ಹಿಂಬರಹ ತಗೊಳ್ಳಿ. ಎಫ್ಐಆರ್ ದೃಢೀಕೃತ ಪ್ರತಿ ಇರಲಿ. ಹುಡುಕಿದ್ದಕ್ಕೆ ಸಾಕ್ಷಿಯಾಗಿ ಪತ್ರಿಕೆ ಪ್ರಕಟಣೆ ಇದೆಯಾ?

ತಿಪಟೂರು ತೆಂಗು:
ಹಾಕಿಸಿದ್ವಿ ಸರ್, ಆದರೆ ಪೇಪರ್ ಕಟಿಂಗ್ ಎಲ್ಲೋ ಹೋಗಿದೆ. ಭಾವನ ಹೆಸರಲ್ಲಿ ಒಂದು ತೋಟನೂ ಇದೆ. ಅವರ ತಮ್ಮನಿಗೆ ಜಿಪಿಎ ಕೊಟ್ಟಿದ್ದರು.

ನಿವೃತ್ತ ರೈಟರ್:
ಕಟಿಂಗ್‌ಗೆ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಹಳೇ ಪೇಪರ್ ಕಟ್ಟು ಕೇಳಿ ನೋಡಿ. ಪ್ರಕಟಣೆ ಹಾಕಿಸಿದ ರಸೀದಿ ಇದ್ದರೆ ಪತ್ರಿಕೆಯವರೂ ಪ್ರತಿ ಕೊಡಬಹುದು. ಹಿಂಬರಹಕ್ಕೆ ಅರ್ಜಿ ಎರಡು ಪ್ರತಿ ಮಾಡಿ, ಒಂದಕ್ಕೆ ಠಾಣೆ ಸೀಲ್ ಹಾಕಿಸಿಕೊಳ್ಳಿ.

ಕಪ್ಪು ಕೋಟು, ಮೈಸೂರು:
ತಮ್ಮನ ಜಿಪಿಎ ನೋಂದಣಿ ಆಗಿದೆಯಾ, ಅದರಲ್ಲಿ ಮಾರುವ ಅಧಿಕಾರ ಇದೆಯಾ, ಮೊದಲು ಅದನ್ನು ನೋಡಿ. ತೋಟದ ಇಸಿ (ಋಣಭಾರ ಪತ್ರ), ಪಹಣಿ ಎರಡನ್ನೂ ಈ ವಾರವೇ ತೆಗೆಸಿ. ದಾವೆಗೆ ಏಳು ವರ್ಷ ಕಾಯಬೇಕು, ಇದಕ್ಕೆ ಕಾಯಬೇಕಾಗಿಲ್ಲ.